ಮುಖ ತೋರಿಸದ ಮೂರು ನಿಮಿಷದ ವಿಡಿಯೋ

"ಅಮ್ಮಾ, ಈ ಶನಿವಾರ ನಿನಗೇನೂ ಕೆಲಸ ಇಲ್ಲ ಅಲ್ವಾ?" ಎಂದು ಮಗಳು ಕೇಳಿದರೆ ಅದಕ್ಕೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ಕಾರು ಓಡಿಸಲು ಆಳು ಬೇಕಾಗಿದೆ!

2025ರ ಫೆಬ್ರವರಿಯ ಮಾತು. ಮಿಸ್ಸಿಸಾಗದಲ್ಲಿ ಆ ತಿಂಗಳು ಸುರಿದ ಹಿಮ ನಿಮಗೂ ನೆನಪಿರಬೇಕು. ಹತ್ತನೇ ತರಗತಿಯ ಸಿವಿಕ್ಸ್ ಪಾಠಕ್ಕೆ ಸೇರಿದಂತೆ ಅವಳ ಶಾಲೆಯಲ್ಲಿ ಒಂದು ಯೋಜನೆ ಇತ್ತು. ಹೆಸರು 'ಯೂತ್ ಅಂಡ್ ಫಿಲಾಂತ್ರಪಿ ಇನಿಶಿಯೇಟಿವ್', ಮಕ್ಕಳ ಬಾಯಲ್ಲಿ ವೈಪಿಐ. 2002ರಲ್ಲಿ ಟೊರಾಂಟೋದಲ್ಲೇ ಹುಟ್ಟಿದ್ದು. ಮಕ್ಕಳು ನಾಲ್ಕೈದು ಜನರ ಗುಂಪು ಕಟ್ಟಿಕೊಂಡು ಊರಿನ ಒಂದು ಸಾಮಾಜಿಕ ಸಮಸ್ಯೆಯನ್ನು ಆರಿಸಿಕೊಳ್ಳಬೇಕು, ಅದಕ್ಕಾಗಿ ದುಡಿಯುವ ಒಂದು ಸ್ಥಳೀಯ ಸೇವಾ ಸಂಸ್ಥೆಗೆ ಹೋಗಿ ನೋಡಿಕೊಂಡು ಬರಬೇಕು, ಆಮೇಲೆ ತೀರ್ಪುಗಾರರ ಮುಂದೆ ಅದರ ಪರವಾಗಿ ಮಾತನಾಡಬೇಕು. ಗೆದ್ದ ಗುಂಪಿನ ಸಂಸ್ಥೆಗೆ 5,000 ಡಾಲರ್. ಮಕ್ಕಳಿಗೆ ಏನೂ ಇಲ್ಲ! ಈ ಏರ್ಪಾಟು ನನಗೆ ಬಹಳ ಹಿಡಿಸಿತು.

ಮಗಳ ಗುಂಪು ಆರಿಸಿಕೊಂಡಿದ್ದು ನಮ್ಮ ಮನೆಯಿಂದ ಹತ್ತು ನಿಮಿಷ ದೂರದ ಒಂದು ಫುಡ್ ಬ್ಯಾಂಕ್. ಮೂರು ನಿಮಿಷದ ವಿಡಿಯೋ ಮಾಡಿ, ಅದನ್ನು ತೋರಿಸಿ ಮಾತನಾಡುವುದು ಅವರ ಉಪಾಯ.

ಅಲ್ಲಿನ ಉಸ್ತುವಾರಿ ನೋಡಿಕೊಳ್ಳುವಾಕೆ ನಿವೃತ್ತ ನರ್ಸ್. ನಾಲ್ವರನ್ನೂ ಕೂರಿಸಿ ಬಿಸಿ ಚಾಕೊಲೇಟ್ ಕೊಟ್ಟು ಮೊದಲು ಹೇಳಿದ್ದೇ ನಿಯಮ. ಸಾಲಿನಲ್ಲಿ ನಿಂತವರನ್ನು ಚಿತ್ರಿಸುವಂತಿಲ್ಲ. ಬರೆದು ಸಹಿ ಮಾಡಿದ ಒಪ್ಪಿಗೆ ಇಲ್ಲದೆ ಯಾರ ಮುಖವೂ ಬರುವಂತಿಲ್ಲ, ಕೆಲಸ ಮಾಡುವವರದ್ದು ಕೂಡ. ನಮ್ಮ ಮಕ್ಕಳ ಮುಖ ಬರಬೇಕಾದರೆ ತಂದೆ ತಾಯಿ ಸಹಿ ಹಾಕಬೇಕು. ಕಾರಿಗೆ ಬಂದೊಡನೆ ಮಗಳು ಸಿಡುಕಿದಳು. "ಮತ್ತೇನು ತೆಗೆಯೋದು, ಬರೀ ಡಬ್ಬಾನಾ?"

ಸರಿ, ಮೊದಲು ಓದಿಕೊಳ್ಳಲು ಕುಳಿತರು. ಜೊತೆಗೆ ನಾನೂ ಕಲಿತೆ. ಫುಡ್ ಬ್ಯಾಂಕ್ ಎಂಬುದು ಶುರುವಾಗಿದ್ದು 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಂತೆ, ಕೆನಡಾದಲ್ಲಿ ಮೊದಲನೆಯದು 1981ರಲ್ಲಿ ಎಡ್ಮಂಟನ್‌ನಲ್ಲಿ. ಇಲ್ಲಿ ಅದು ಕಷ್ಟದ ಕಾಲಕ್ಕೆ ತಾತ್ಕಾಲಿಕ ಏರ್ಪಾಡು ಅಂದುಕೊಂಡಿದ್ದರು. 2019ರ ಮಾರ್ಚ್ ಒಂದೇ ತಿಂಗಳಲ್ಲಿ ಕೆನಡಾದ ಫುಡ್ ಬ್ಯಾಂಕುಗಳಿಗೆ ಜನ ಬಂದದ್ದು ಸುಮಾರು 11 ಲಕ್ಷ ಸಲ. 2024ರ ಮಾರ್ಚ್‌ನಲ್ಲಿ 20 ಲಕ್ಷ ದಾಟಿತ್ತು. ಮತ್ತೊಂದು ವಿಷಯ, ನೀವು ಯಾವುದೇ ಸಂಸ್ಥೆಗೆ ಹಣ ಕೊಡುವವರಾದರೆ ಉಪಯೋಗಕ್ಕೆ ಬರುತ್ತದೆ. ನೋಂದಾಯಿತ ಸೇವಾ ಸಂಸ್ಥೆಗಳೆಲ್ಲ ಪ್ರತಿವರ್ಷ ಸಿಆರ್‌ಎಗೆ ಟಿ3010 ಎಂಬ ಲೆಕ್ಕಪತ್ರ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಸಂಬಳಕ್ಕೆಷ್ಟು, ಸೇವೆಗೆಷ್ಟು ಎಂದು ಹದಿನೈದರ ಹುಡುಗಿಯರು ಲೆಕ್ಕ ಹಾಕುವುದನ್ನು ನೋಡಿ, ಇಷ್ಟು ವರ್ಷ ಕಣ್ಣುಮುಚ್ಚಿ ಚೆಕ್ ಬರೆದ ನನಗೆ ನಾಚಿಕೆಯಾಯಿತು.

ಶನಿವಾರಗಳಂದು ಬಂದ ಸಾಮಾನುಗಳನ್ನು ವಿಂಗಡಿಸುವ ಕೆಲಸ. ನನ್ನನ್ನೂ ಮೇಜಿನ ಮುಂದೆ ನಿಲ್ಲಿಸಿದರು. 'ಬೆಸ್ಟ್ ಬಿಫೋರ್' ದಿನ ಕಳೆದಿದ್ದನ್ನೆಲ್ಲ ಕಸಕ್ಕೆ ಹಾಕಲು ಹೊರಟಿದ್ದೆ, ಪಕ್ಕದ ಅಜ್ಜ ಕೈ ಹಿಡಿದು ತಡೆದರು. ಆ ದಿನಾಂಕ ರುಚಿ, ತಾಜಾತನಕ್ಕೆ ಸಂಬಂಧಿಸಿದ್ದು. ನಿಜವಾದ 'ಎಕ್ಸ್‌ಪೈರಿ' ಇರುವುದು ಹಸುಗೂಸಿನ ಹಾಲಿನಪುಡಿಯಂಥ ಕೆಲವಕ್ಕೆ ಮಾತ್ರ. ಅವನ್ನು ಮಾತ್ರ ಮುಲಾಜಿಲ್ಲದೆ ಎಸೆಯುತ್ತಾರೆ.

ಮಧ್ಯೆ ಒಂದು ತಮಾಷೆ ನಡೆಯಿತು. ಯಾರೋ ನಾಲ್ಕು ಪೌಂಡಿನ ತೊಗರಿಬೇಳೆ ಚೀಲ ಕೊಟ್ಟಿದ್ದರು, ಅದನ್ನು ಸೂಪಿನ ಡಬ್ಬಗಳ ಹಿಂದೆ ಇಟ್ಟಿದ್ದರು. ಇದೇನೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಮಗಳು ಸಾರು ಮಾಡುವ ವಿಧಾನವನ್ನು ವಿವರಿಸಿದಳು (ಮನೆಯಲ್ಲಿ ಕುಕ್ಕರ್ ಮುಟ್ಟದವಳು!). ಉಸ್ತುವಾರಿಯಾಕೆ ಹೇಳಿದರು, "ಹೋದ ವಾರ ಮೂವರು ವಿದ್ಯಾರ್ಥಿಗಳು ಇದೇ ಇದೆಯಾ ಅಂತ ಕೇಳಿದ್ದರು. ನಾನು ಇಲ್ಲ ಅಂದೆ."

ವಿದ್ಯಾರ್ಥಿಗಳು ಅಂದರೆ ನಮ್ಮವರೇ. ಓದಲು ಬರುವವರು ಬದುಕಿನ ಖರ್ಚಿಗೆ 10,000 ಡಾಲರ್ ತೋರಿಸಿದರೆ ಸಾಕು ಎಂಬ ನಿಯಮ ಎಷ್ಟೋ ವರ್ಷ ಹಾಗೇ ಇತ್ತು. ಈ ಊರಿನ ಬಾಡಿಗೆ ಕಟ್ಟುವ ನಮಗೆ ಆ ಲೆಕ್ಕ ಎಂಥದ್ದೆಂದು ಗೊತ್ತು. 2024ರ ಜನವರಿಯಲ್ಲಿ ಅದನ್ನು 20,635ಕ್ಕೆ ಏರಿಸಿದರು. ಅದಕ್ಕೆ ಮೊದಲೇ ಬಂದಿಳಿದವರು ಹಳೆಯ ಲೆಕ್ಕ ನಂಬಿ ಬಂದವರು.

ಎರಡನೆಯ ಶನಿವಾರ ಮಕ್ಕಳು ಒಳಗಿನ ಕಪಾಟುಗಳನ್ನು ಚಿತ್ರಿಸುತ್ತಿದ್ದರು. ನಾನು ಬ್ರೆಡ್ಡಿನ ಟ್ರೇ ಹಿಡಿದು ಹೊರಗೆ ಬಂದೆ. ಸಾಲಿನಲ್ಲಿ ಐದನೆಯವನಾಗಿ ನಮ್ಮ ಸಂಘದ ಹುಡುಗ. ನಮ್ಮಿಬ್ಬರ ಕಣ್ಣು ಸೇರಿತು. ಅವನು ತಟಕ್ಕನೆ ಗೋಡೆಯ ನೋಟಿಸ್ ಬೋರ್ಡಿಗೆ ತಿರುಗಿಕೊಂಡ, ಅದರಲ್ಲಿ ಬಸ್ಸಿನ ವೇಳಾಪಟ್ಟಿ ಬಿಟ್ಟರೆ ಏನೂ ಇರಲಿಲ್ಲ. ನಾನು ಟ್ರೇ ಇಟ್ಟು ಕಾರಿನಲ್ಲಿ ಹೋಗಿ ಕುಳಿತೆ.

ಯಾಕೆಂದು ಹೇಳಿಯೇ ಬಿಡುತ್ತೇನೆ. ಹಿಂದಿನ ದೀಪಾವಳಿ ಕಾರ್ಯಕ್ರಮದಲ್ಲಿ ಊಟ ಬಡಿಸುವ ಸರದಿ ನನ್ನದಿತ್ತು. ಕೊನೆಗೆ ಈ ಹುಡುಗ ಬಂದು, "ಆಂಟಿ, ಬಿಸಿಬೇಳೆಭಾತ್ ಮಿಕ್ಕಿದ್ರೆ ಸ್ವಲ್ಪ ಕಟ್ಟಿಕೊಡ್ತೀರಾ?" ಎಂದ. ಕೊಟ್ಟೆ. ಅವನು ಅತ್ತ ಹೋದಮೇಲೆ ನಾವು ಮೂವರು ಹೆಂಗಸರು, "ಈ ಹುಡುಗರು ಡಬ್ಬಿ ತುಂಬಿಸ್ಕೊಳ್ಳೋಕೇ ಬರೋದು ಕಣ್ರೀ" ಎಂದು ನಕ್ಕೆವು. ಅವನು ಬಹಳ ದೂರ ಹೋಗಿರಲಿಲ್ಲ.

ರಾತ್ರಿ ಮಕ್ಕಳು ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಎಡಿಟಿಂಗಿಗೆ ಕುಳಿತರು. ಎಪ್ಪತ್ತು ನಿಮಿಷದ ಚಿತ್ರಣ, ಬೇಕಾದದ್ದು ಮೂರು ನಿಮಿಷ. ಅರ್ಧ ಮಾತು ಫ್ರೀಜರ್‌ಗಳ ಗುಂಯ್‌ಗುಡುವಿಕೆಯಲ್ಲಿ ಮುಳುಗಿತ್ತು. ಮಾಡುವವರಿದ್ದರೆ ನೆನಪಿಡಿ, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಮರೆಯಬೇಡಿ. ಇದ್ದುದರಲ್ಲಿ ಒಂದು ದೃಶ್ಯ ಮಾತ್ರ ಬಲು ಚೆನ್ನಾಗಿತ್ತು: ಅರೆತೆರೆದ ಬಾಗಿಲು, ಹಿಮದ ಬಿಳಿ ಬೆಳಕು, ಬೆನ್ನು ತಿರುಗಿಸಿ ನೋಟಿಸ್ ಬೋರ್ಡು ಓದುತ್ತಿರುವ ಒಬ್ಬ ಯುವಕ.

"ಇದರಿಂದಲೇ ಶುರು ಮಾಡೋಣ, ಮುಖ ಕಾಣಲ್ವಲ್ಲ!" ಎಂದರು ಉಳಿದ ಮೂವರು. ನಾನು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿದೆ. ಮಗಳು ಹಿಂದೆಯೇ ಬಂದಳು. "ಅಮ್ಮಾ, ಆ ಜಾಕೆಟ್ ನಂಗೊತ್ತು. ನಿಂಗೂ ಗೊತ್ತು." ಆಗ ಎಲ್ಲವನ್ನೂ ಹೇಳಿದೆ, ನಕ್ಕಿದ್ದನ್ನೂ ಬಿಡದೆ. ಅವಳು ಒಂದು ಮಾತೂ ಆಡಲಿಲ್ಲ. ಹೊರಗೆ ಹೋಗಿ ಆ ದೃಶ್ಯವನ್ನು ಅಳಿಸಿಹಾಕಿದಳು. ದೊಡ್ಡ ಜಗಳವಾಯಿತು! ನಿಯಮ ಮುರಿದಿಲ್ಲ ಎಂದು ಅವರು, ನನಗೆ ಗೊತ್ತಾದರೆ ನಮ್ಮ ಶಾಲೆಯಲ್ಲಿ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂದು ಇವಳು. ಒಬ್ಬಳಂತೂ ಬಾಗಿಲು ದಬ್ಬಿಕೊಂಡು ಹೋದಳು, ಸೋಮವಾರ ತಾನೇ ಸರಿಹೋದಳು.

ಅವರೆಲ್ಲ ಹೋದಮೇಲೆ ಮಗಳಿಗೆ ಅವಳ ತಾತನ ವಿಷಯ ಹೇಳಿದೆ. ನಮ್ಮಪ್ಪ ಹಾಸನದಲ್ಲಿ ಹೈಸ್ಕೂಲು ಓದಿದ್ದು ವಾರಾನ್ನದಲ್ಲಿ. ಈಗಿನ ಮಕ್ಕಳಿಗಾಗಿ ಬಿಡಿಸಿ ಹೇಳುವುದಾದರೆ, ಊರುಬಿಟ್ಟು ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಅಪ್ಪ ಇದನ್ನು ನಮ್ಮೆದುರು ಹೇಳಿದ್ದು ಒಂದೋ ಎರಡೋ ಸಲ, ಅದೂ ಅಮ್ಮ ಎತ್ತಿದಾಗ.

ಮಗಳು ಬಿಡಬೇಕಲ್ಲ? ಮರುದಿನವೇ ಫೋನ್ ಹಚ್ಚಿ, "ತಾತ, ನೀವು ಮಾತಾಡಿ, ನಾನು ರೆಕಾರ್ಡ್ ಮಾಡ್ಕೋತೀನಿ" ಎಂದಳು. ಎಂಬತ್ತನಾಲ್ಕರ ಅಪ್ಪ, "ಅದೆಲ್ಲ ಈಗ್ಯಾಕೆ ಪುಟ್ಟಿ, ಮಾರ್ಕ್ಸ್ ಕೊಡ್ತಾರಾ ಅದಕ್ಕೆ?" ಎಂದು ತೇಲಿಸಿದರು. ಅವಳು ಸುಮ್ಮನೆ ಕಾದಳು. ಸ್ವಲ್ಪ ಹೊತ್ತಿಗೆ ತಾವಾಗಿಯೇ ಶುರುಮಾಡಿದರು. ಬುಧವಾರದ ಮನೆಯಲ್ಲಿ ತುಪ್ಪ ಹಾಕುತ್ತಿದ್ದರು. ಶನಿವಾರದ ಮನೆಯವರು ಪರೀಕ್ಷೆಯ ನಂಬರು ಕೇಳದೆ ಅನ್ನ ಬಡಿಸುತ್ತಿರಲಿಲ್ಲ. "ಗುರುವಾರದ ಮನೆ ಅಮ್ಮ ಮಾತ್ರ ಪಾತ್ರೆನೆಲ್ಲ ನನ್ನ ಪಕ್ಕದಲ್ಲಿಟ್ಟು ಅಡುಗೆಮನೆಗೆ ಹೋಗಿಬಿಡೋರು. ಎಷ್ಟು ತಿಂದೆ ಅಂತ ನೋಡ್ತಿರಲಿಲ್ಲ. ಗುರುವಾರ ನಾನು ಹೊಟ್ಟೆ ತುಂಬ ಉಣ್ತಿದ್ದೆ."

ಇಷ್ಟೇ, ಇಪ್ಪತ್ತು ಸೆಕೆಂಡು. ವಿಡಿಯೋ ಶುರುವಾಗುವುದೇ ಇದರಿಂದ. ಕೈಗಳು ತೊಗರಿಬೇಳೆಯನ್ನು ಸಣ್ಣ ಪೊಟ್ಟಣಗಳಿಗೆ ತುಂಬುತ್ತವೆ, ಹಿನ್ನೆಲೆಯಲ್ಲಿ ಅಪ್ಪನ ಕನ್ನಡ, ಕೆಳಗೆ ಇಂಗ್ಲಿಷ್ ಅಕ್ಷರ. ಬಾಗಿಲು ದಬ್ಬಿ ಹೋದವಳೇ ಇದನ್ನು ಮೊದಲಿಗಿಡಬೇಕೆಂದು ಹಟ ಹಿಡಿದದ್ದು.

ಫೈನಲ್‌ನಲ್ಲಿ ಅವರು ಗೆಲ್ಲಲಿಲ್ಲ. ಒಂದು ಆಶ್ರಯಧಾಮದ ಪರವಾಗಿ ಮಾತನಾಡಿದ ಹುಡುಗರು ಗೆದ್ದರು, ಚೆನ್ನಾಗಿಯೇ ಮಾತನಾಡಿದರು ಅನ್ನಿ. ಫುಡ್ ಬ್ಯಾಂಕಿನವರು ಮಾತ್ರ ಹೊಸದಾಗಿ ಕೆಲಸಕ್ಕೆ ಬರುವ ವಾಲಂಟಿಯರುಗಳಿಗೆ ತೋರಿಸಲು ಆ ವಿಡಿಯೋ ಕೇಳಿ ಪಡೆದರು. ಮಗಳು ಈಗಲೂ ತಿಂಗಳಿಗೊಮ್ಮೆ ಹೋಗುತ್ತಾಳೆ. ಹೈಸ್ಕೂಲು ಮುಗಿಸಲು ಬೇಕಾದ 40 ಗಂಟೆಯ ಸಮುದಾಯ ಸೇವೆ ಎಂದೋ ಮುಗಿದಿದೆ.

ಯುಗಾದಿಗೆ ನಾನು ಸಮಿತಿಯಲ್ಲಿ ಒಂದು ಮಾತು ಎತ್ತಿದೆ. ಮಿಕ್ಕ ಊಟವನ್ನು ಡಬ್ಬಿಗಳಿಗೆ ತುಂಬಿ ಹೊರಬಾಗಿಲ ಬಳಿ ಮೇಜಿನ ಮೇಲಿಟ್ಟುಬಿಡೋಣ, ಅಲ್ಲಿ ಯಾರೂ ನಿಲ್ಲುವುದು ಬೇಡ ಎಂದು. "ಲೆಕ್ಕ ಹೇಗ್ರೀ ಸಿಗುತ್ತೆ? ಒಬ್ಬೊಬ್ಬರೇ ನಾಲ್ಕು ಒಯ್ದರೆ?" ಎಂದು ಒಬ್ಬರು ತಕರಾರು ತೆಗೆದರು. ಒಯ್ಯಲಿ ಬಿಡಿ ಎಂದೆ. ನಲವತ್ತು ಡಬ್ಬಿ ಇಟ್ಟೆವು, ಸಭಾಂಗಣ ಗುಡಿಸುವ ಹೊತ್ತಿಗೆ ಮೇಜು ಖಾಲಿ. ಆ ಹುಡುಗ ಬಂದಿದ್ದನಂತೆ, ನಾನು ನೋಡಲಿಲ್ಲ, ಒಳಗೆ ಪಾತ್ರೆ ತೊಳೆಯುತ್ತಿದ್ದೆ.

ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ಫುಡ್ ಬ್ಯಾಂಕಿಗೆ ಏನಾದರೂ ತರುವುದಾದರೆ ದೊಡ್ಡ ಚೀಲಗಳು ಬೇಡ, ಹಂಚುವುದು ಕಷ್ಟ. ಎರಡು ಪೌಂಡಿನ ತೊಗರಿಬೇಳೆ, ಹೆಸರುಬೇಳೆ, ಸಣ್ಣ ಅಕ್ಕಿ ಪ್ಯಾಕೆಟ್, ಸಾರಿನ ಪುಡಿ ಆದೀತು. ಪುಡಿಯ ಮೇಲೆ ಮಾಡುವ ವಿಧಾನ ಇಂಗ್ಲಿಷಿನಲ್ಲಿ ಇರಲಿ. ಹಣ ಕೊಟ್ಟರೆ ಇನ್ನೂ ಒಳ್ಳೆಯದು, ಅವರು ಸಗಟಿನಲ್ಲಿ ಕೊಳ್ಳುತ್ತಾರೆ. ಸಾಮಾನು ಇಳಿಸಲು ಶನಿವಾರ ಬೆಳಿಗ್ಗೆ ನಾನು ಹೇಗೂ ಹೋಗುತ್ತೇನೆ, ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ.