ಪಗಾರ ಯಾವಾಗ ಬಂತು, ಯಾರ ಕೈಗೆ ಬಂತು?

ಇಳಕಲ್ಲಿನ ನೇಕಾರರ ಓಣಿಗಳಲ್ಲಿ, ಕುಣಿಮಗ್ಗಕ್ಕೆ ಇಳಿದು ಕೂರುವ ಶಕ್ತಿ ಹೋದ ಮೇಲೂ ಹಿರಿಯರು ಸುಮ್ಮನೆ ಕೂರುವುದಿಲ್ಲ, ಕಂಡಿಕೆ ಸುತ್ತುತ್ತಾರೆ. ಆಯುಷ್ಯವೆಲ್ಲ ನೂಲು ಎಳೆದ ಬೆರಳಿನ ಗೆರೆ ಸವೆದು ನುಣ್ಣಗಾಗಿರುತ್ತದೆ. ಪಿಂಚಣಿ ಹಣ ಬಿಡಿಸಲು ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಬೇಕು, ಇನ್ನೊಂದು ಬೆರಳು ಇಟ್ಟು ನೋಡಬೇಕು. ಕಡೆಗೆ ‘ನಾಳೆ ಬಾರಬೇ ಯವ್ವಾ’ ಎಂಬ ಮಾತು. ಮೊದಲು ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಮನಿಯಾರ್ಡರ್ ತರುತ್ತಿದ್ದ. ಈಗ ಹಣ ನೇರ ಖಾತೆಗೆ ಬೀಳುತ್ತದೆ. ನಡುವೆ ಕೈ ಹಾಕುವವರು ಕಡಿಮೆಯಾದರು, ಅದು ಒಳ್ಳೆಯದೇ. ಆದರೆ ಖಾತೆಯಿಂದ ಕೈವರೆಗಿನ ದಾರಿ ನಡೆಯುವ ಪಾಳಿ ಮೊಣಕಾಲು ನೋಯುವವರದಾಯಿತು.

ಸಂಧ್ಯಾ ಸುರಕ್ಷಾ ಯೋಜನೆ ಬಂದದ್ದು 2007ರಲ್ಲಿ, ತಿಂಗಳಿಗೆ 400 ರೂಪಾಯಿಯಿಂದ. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳ ಜೊತೆ ನೇಕಾರರನ್ನೂ ಅದು ಹೆಸರಿಸಿ ಸೇರಿಸಿಕೊಂಡಿತ್ತು. 2018ರಲ್ಲಿ ಮೊತ್ತ ಸಾವಿರಕ್ಕೆ ಏರಿತು, 2021ರಲ್ಲಿ 1,200 ಆಯಿತು. ಆ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 289 ರೂಪಾಯಿ. ಪಿಂಚಣಿ ಎಂದರೆ ನಾಲ್ಕು ದಿನದ ಕೂಲಿಗಿಂತ ತುಸು ಹೆಚ್ಚು. 2025ರಲ್ಲಿ ಕೂಲಿ 370ಕ್ಕೆ ಬಂತು, ಪಿಂಚಣಿ ಮಾತ್ರ ಇದ್ದಲ್ಲೇ ಇತ್ತು. ಅಲ್ಲಿಗೆ ಅದು ಮೂರು ದಿನದ ಕೂಲಿಯ ಚೂರು ಮೇಲಕ್ಕೆ ಇಳಿಯಿತು. ಕೇಂದ್ರದ ವೃದ್ಧಾಪ್ಯ ವೇತನದ ಪಾಲಂತೂ 80 ತುಂಬದವರಿಗೆ ಇನ್ನೂ 200 ರೂಪಾಯಿ. ಆದೇಶವಿಲ್ಲದೆ, ಸದ್ದಿಲ್ಲದೆ ಆಗುವ ಈ ಕಡಿತವನ್ನು ಯಾವ ಪ್ರಗತಿ ಪರಿಶೀಲನಾ ಸಭೆಯೂ ಕಡಿತ ಎಂದು ಬರೆದುಕೊಳ್ಳುವುದಿಲ್ಲ.

2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಮನೆಯೊಳಗಿನ ಲೆಕ್ಕವನ್ನೇ ಬದಲಿಸಿತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ 2,000. ಬಾದಾಮಿ, ಹುನಗುಂದದ ಹಳ್ಳಿಗಳ ಕೂಡು ಕುಟುಂಬಗಳಲ್ಲಿ ಆ ಹೆಸರು ಬಹಳ ಕಡೆ ಅತ್ತೆಯದು. ಬಿಪಿ ಗುಳಿಗೆಗೂ ಮಗನ ಮುಖ ನೋಡಬೇಕಾಗಿದ್ದವಳು ಮೊಮ್ಮಗನಿಗೆ ಅಂಗಿ ತಂದುಕೊಡುವಂತಾದಳು. ಕೆಲವು ಮನೆಗಳಲ್ಲಿ ಇದರಿಂದಲೇ ಅತ್ತೆ–ಸೊಸೆಗೆ ಜಗಳವೂ ಬಿತ್ತು. ಇನ್ನು ಕಂತು ತಡವಾದರೆ ಅಂಗಡಿಯ ಉದ್ರಿ ಬೆಳೆಯುತ್ತದೆ, ದಿನಕ್ಕೆರಡು ನುಂಗುವ ಗುಳಿಗೆ ಒಂದಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ, ನೂರು ರೂಪಾಯಿ ಹೆಚ್ಚಿಗೆ ಬರುವುದಕ್ಕಿಂತ ತಿಂಗಳ ಐದನೇ ತಾರೀಖಿಗೆ ತಪ್ಪದೆ ಬರುವುದು ಮುದುಕರಿಗೆ ದೊಡ್ಡದು.

ಅದೇ ವರ್ಷದ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹುನಗುಂದದ ಅಜ್ಜಿ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿ ಹೋಗಿ ಬರುತ್ತಾಳೆ, ಬನಶಂಕರಿಗೂ ಹೋಗುತ್ತಾಳೆ. ಕಣ್ಣು ಮಂಜಾದ ಅಜ್ಜನಿಗೆ ಟಿಕೆಟ್ಟಿನಲ್ಲಿ ಕಾಲು ಭಾಗ ರಿಯಾಯಿತಿ ಮಾತ್ರ. ಹಾಗಾಗಿ ಅವಳು ಮಗಳ ಊರಿಗೆ ಹೊರಟಾಗ ಅವನು ಕಟ್ಟೆಯ ಮೇಲೇ ಉಳಿಯುತ್ತಾನೆ.

ಹಿರಿಯರ ನೆಮ್ಮದಿಯನ್ನು ಅಳೆಯಲಾಗದು ಎನ್ನುವುದು ಸರಿಯಲ್ಲ. 2017–18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ಸಮೀಕ್ಷೆ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರ ಆರೋಗ್ಯ, ಖಿನ್ನತೆ, ಬದುಕಿನ ತೃಪ್ತಿಯನ್ನು ದಾಖಲಿಸಿದೆ. ತಾಲ್ಲೂಕಿನ ಮಟ್ಟದಲ್ಲಿ ಅಷ್ಟೆಲ್ಲ ಬೇಕಿಲ್ಲ. ಪಿಂಚಣಿ ಅದಾಲತ್‌ನಲ್ಲಿ ಎಷ್ಟು ಅರ್ಜಿ ವಿಲೇವಾರಿಯಾಯಿತು ಎಂದು ಬರೆದುಕೊಳ್ಳುವ ಹಾಳೆಯಲ್ಲೇ ಇನ್ನೊಂದಿಷ್ಟು ಕೇಳಬಹುದು: ಹೋದ ಮೂರು ತಿಂಗಳು ಯಾವ ತಾರೀಖಿಗೆ ಹಣ ಬಂತು? ಬಿಡಿಸಿದ್ದು ನೀವೋ, ಬೇರೆಯವರೋ? ಎಷ್ಟು ಸಲ ಅಲೆದಿರಿ? ಗುಳಿಗೆ ಬಿಟ್ಟ ದಿನ ಇದೆಯೇ? ಮಾನದಂಡ ಬಿಗಿ ಮಾಡಿ ಅನರ್ಹರ ಪಟ್ಟಿ ತಯಾರಿಸುವ ಮುನ್ನ ತಲಾಟಿ ಆ ಮನೆಗೆ ಒಮ್ಮೆ ಹೋಗಿ ಬರಬೇಕು. ಬೆರಳು ಸವೆದವರಿಗೆ ಹಣವನ್ನು ಮನೆಯಲ್ಲೇ ಕೊಡುವ ಏರ್ಪಾಡು ಬೇಕು. ಅದು ಮೊದಲು ಆಗಬೇಕಾದದ್ದು ಇಳಕಲ್, ಗುಳೇದಗುಡ್ಡದಂಥ ಮಗ್ಗದ ಊರುಗಳಲ್ಲಿ.