ಎಲೆಯ ಬೂದಿಯನ್ನು ಒರೆಸಬೇಡಿ

ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ: ‘ನಮ್ಮ ಮನೆಯ ಎಚೆವೇರಿಯಾ ಗಿಡಕ್ಕೆ ಬೂದಿ ರೋಗ ಬಂದಿದೆ. ದಿನಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೇನೆ. ಇನ್ನೇನು ಮಾಡಲಿ?’

ಒರೆಸುವುದನ್ನು ಇವತ್ತೇ ನಿಲ್ಲಿಸಿ. ಅದು ರೋಗವಲ್ಲ. ಗಿಡ ತಾನೇ ತೊಟ್ಟುಕೊಂಡ ಅಂಗಿ.

ಆ ಅಂಗಿಯನ್ನು ನಾನು ಸರಿಯಾಗಿ ನೋಡಿದ್ದು ಕಳೆದ ಮಳೆಗಾಲದಲ್ಲಿ. ತಾರಸಿಯ ಮೇಲಿನ ಒಂಬತ್ತು ಸಕ್ಯುಲೆಂಟ್ ಕುಂಡಗಳನ್ನು ಕಪ್ಪು-ಬಿಳುಪಿನಲ್ಲಿ ಚಿತ್ರ ತೆಗೆದು ಮೂರು ಮೂರರ ಸಾಲಿನಲ್ಲಿ ಜೋಡಿಸಬೇಕೆಂಬ ಆಸೆ ಹುಟ್ಟಿತ್ತು. ಎಲ್ಲಕ್ಕೂ ತೆಳುಮೋಡದ ಒಂದೇ ಬೆಳಕು, ಮೇಲಿನಿಂದ ಒಂದೇ ದೂರ, ಕೆಳಗೆ ಒಂದೇ ಕಪ್ಪು ಬಟ್ಟೆ. ಬಣ್ಣದಲ್ಲಿ ನೋಡಿದಾಗ ಕಣ್ಣು ಹಸಿರಿನ ಮೇಲೋ ಅಂಚಿನ ಕೆಂಪಿನ ಮೇಲೋ ಹೋಗಿ ಕೂರುತ್ತದೆ. ಬಣ್ಣ ತೆಗೆದ ಕೂಡಲೇ ಕತ್ತಾಳೆ ಮರಿ, ಲೋಳೆಸರ, ಹಾವೋರ್ಥಿಯಾ ಎಲ್ಲವೂ ಬರೀ ಆಕಾರವಾಗಿ, ನೆರಳಾಗಿ ನಿಂತವು. ಒಂಬತ್ತನ್ನೂ ಒಟ್ಟಿಗೆ ಇಟ್ಟಾಗಲಂತೂ ಒಂದರ ಗುಣ ಇನ್ನೊಂದರ ಪಕ್ಕದಲ್ಲಿ ಎದ್ದು ಕಂಡಿತು. ಹಾವೋರ್ಥಿಯಾ ಎಣ್ಣೆ ಹಚ್ಚಿದಂತೆ ಮಿನುಗುತ್ತಿದ್ದರೆ ಎಚೆವೇರಿಯಾ ಹಾಲಿನಂತೆ ಬೆಳ್ಳಗಿತ್ತು.

ಆ ಬಿಳುಪಿನ ನಡುವೆ, ಹೊರಸುತ್ತಿನ ಒಂದು ಎಲೆಯ ಮೇಲೆ, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಗುರುತು. ಹಿಗ್ಗಿಸಿ ನೋಡಿದರೆ ಬೆರಳಚ್ಚು! ಸುರುಳಿ ಗೆರೆಗಳನ್ನು ಎಣಿಸುವಷ್ಟು ಸ್ಪಷ್ಟ. ನರ್ಸರಿಯಿಂದ ತಂದ ದಿನ ನಾನೇ ಆ ಎಲೆ ಹಿಡಿದು ಗಿಡವನ್ನು ಎತ್ತಿದ್ದೆ. ಅದಾಗಿ ನಾಲ್ಕು ತಿಂಗಳಾಗಿತ್ತು. ದಿನಾ ನೀರು ಹಾಕುವಾಗ ಹಸಿರಿನಲ್ಲಿ ಹಸಿರಾಗಿ ಅಡಗಿದ್ದ ಗುರುತು ಕಪ್ಪು-ಬಿಳುಪಿನಲ್ಲಿ ಕಣ್ಣಿಗೆ ರಾಚಿತು.

ಅಷ್ಟು ಹಗುರವಾಗಿ ಮುಟ್ಟಿದರೆ ಅಷ್ಟು ಕಪ್ಪಾಗುವುದು ಹೇಗೆ? ಆ ಬೂದಿ ಒಂದು ಬಗೆಯ ಮೇಣ. ಎಲೆಯ ಹೊರಪದರದಿಂದ ಒಸರಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿ, ಕೊಳವೆ, ಹಾಳೆಗಳ ರೂಪದಲ್ಲಿ ಹರಳುಗಟ್ಟುತ್ತದೆ. ಮೇಣಕ್ಕೆ ತನ್ನದೇ ಬಿಳಿ ಬಣ್ಣವಿಲ್ಲ. ಕಲ್ಲುಸಕ್ಕರೆಯ ತುಂಡನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ, ಅದನ್ನೇ ಕುಟ್ಟಿದರೆ ಬೆಳ್ಳನೆಯ ಪುಡಿ. ಸಾವಿರಾರು ಅಂಚುಗಳಿಗೆ ತಾಗಿ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ಬರುವ ಬಿಳುಪು ಅದು. ಎಲೆಯ ಮೇಲೂ ಇದೇ ನಡೆಯುತ್ತದೆ. ಬೆರಳು ತಾಗಿದರೆ ಹರಳುಗಳು ನಲುಗಿ ಚಪ್ಪಟೆಯಾಗುತ್ತವೆ, ಕೆಲವು ಬೆರಳಿಗೇ ಅಂಟಿ ಬರುತ್ತವೆ. ಆಗ ಬೆಳಕು ಚದುರದೆ ಎಲೆಯೊಳಗೆ ಇಳಿದುಹೋಗುತ್ತದೆ, ಆ ಜಾಗ ಕಪ್ಪಾಗಿ ಕಾಣುತ್ತದೆ. ಎಳೆ ಎಲೆಯಾದರೆ ಮೇಣ ಮತ್ತೆ ಒಸರೀತು. ಬಲಿತ ಎಲೆಯ ಮೇಲೆ ಬಿದ್ದ ಗುರುತು ಸಾಮಾನ್ಯವಾಗಿ ಆ ಎಲೆ ಉದುರುವವರೆಗೂ ಉಳಿಯುತ್ತದೆ.

ನಮಗೆ ಇದು ಹೊಸ ವಸ್ತುವೇನಲ್ಲ. ಬೂದುಗುಂಬಳಕ್ಕೆ ಹೆಸರು ಬಂದದ್ದೇ ಈ ಬೂದಿಯಿಂದ. ದ್ರಾಕ್ಷಿಯ ಮೇಲಿನ ಮಬ್ಬು, ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದು, ಎಲ್ಲವೂ ಮೇಣದ ಕೆಲಸವೇ. ಬಿಸಿಲ ನಾಡಿನ ಸಕ್ಯುಲೆಂಟ್‌ಗಳಿಗೆ ಇದು ಕೊಡೆಯೂ ಹೌದು, ರೈನ್‌ಕೋಟೂ ಹೌದು. ಹೆಚ್ಚಿನ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒಳಗಿನ ನೀರು ಆರದಂತೆ ತಡೆಯುತ್ತದೆ, ಉರುಳುವ ಹನಿಯೊಂದಿಗೆ ಧೂಳನ್ನೂ ಶಿಲೀಂಧ್ರದ ಬೀಜಕಣಗಳನ್ನೂ ಸಾಗಹಾಕುತ್ತದೆ. ರೋಗವೆಂದು ಒರೆಸುವವರು ರೋಗ ತಡೆಯುವ ಪದರವನ್ನೇ ಕಿತ್ತೆಸೆಯುತ್ತಿದ್ದಾರೆ! ನಿಜವಾದ ಬೂದಿ ರೋಗ ಅಲ್ಲಲ್ಲಿ ತೇಪೆಯಂತೆ ಶುರುವಾಗಿ ಹರಡುತ್ತದೆ. ಎಲೆಯ ಬುಡದಲ್ಲಿ ಹತ್ತಿಯ ಉಂಡೆಯಂತೆ ಕೂತಿದ್ದರೆ ಅದು ಹಿಟ್ಟು ತಿಗಣೆ, ಅದನ್ನು ತೆಗೆಯಲೇಬೇಕು. ಮೇಣವಾದರೆ ಇಡೀ ಎಲೆಗೆ ಒಂದೇ ಸಮ ಹರಡಿರುತ್ತದೆ.

ಕಪ್ಪು-ಬಿಳುಪಿನ ಈ ನೋಟಕ್ಕೆ ಹಿರಿಯರಿದ್ದಾರೆ. ಅಮೆರಿಕದ ಇಮೊಜೆನ್ ಕನಿಂಗ್‌ಹ್ಯಾಮ್ 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರು ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಾ ಮನೆಯ ಕೈತೋಟವನ್ನೇ ಸ್ಟುಡಿಯೊ ಮಾಡಿಕೊಂಡರು. ಕತ್ತಾಳೆಯ ಎಲೆಯನ್ನೂ ಅದರ ಚೂಪು ನೆರಳನ್ನೂ ಅವರು ತೆಗೆದ ರೀತಿ ಇವತ್ತಿಗೂ ಹೊಸದು. ಕಾಲೇಜಿನಲ್ಲಿ ಆಕೆ ಓದಿದ್ದು ರಸಾಯನಶಾಸ್ತ್ರ. ಜರ್ಮನಿಯಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಕಲಾ ಮೇಷ್ಟ್ರು ಗಿಡದ ಚಿಗುರು, ಕುಡಿಗಳನ್ನು ಹಲವು ಪಟ್ಟು ಹಿಗ್ಗಿಸಿ, ಬರಿದಾದ ಹಿನ್ನೆಲೆಯಲ್ಲಿ ಸರಣಿಯಾಗಿ ಚಿತ್ರಿಸಿ 1928ರಲ್ಲಿ ಪುಸ್ತಕ ತಂದರು.

ನನ್ನ ಒಂಬತ್ತರಲ್ಲಿ ಕಾಡುಬಸಳೆಯೂ ಒಂದು. ಅದರ ಕಥೆ ಲಾಲ್‌ಬಾಗಿಗೆ ತಾಗುತ್ತದೆ. ಟಿಪ್ಪುವಿನ ನಂತರ ಆ ತೋಟದ ಉಸ್ತುವಾರಿ ಹೊತ್ತಿದ್ದ ಬೆಂಜಮಿನ್ ಹೈನೆ, ಈ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂಬುದನ್ನು ನಾಲಗೆಯಿಂದಲೇ ಕಂಡುಕೊಂಡು ಲಂಡನ್ನಿಗೆ ಬರೆದ. ಅದು 1815ರಲ್ಲಿ ಅಚ್ಚಾಯಿತು. ಇಂಥ ಗಿಡಗಳು ನೀರು ಉಳಿಸಲು ರಾತ್ರಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಹುಳಿಯಾಗಿ ಕೂಡಿಟ್ಟುಕೊಳ್ಳುತ್ತವೆ. ಆಮ್ಲಜನಕ ತಯಾರಾಗುವುದು ಬೆಳಕಿದ್ದಾಗ ಮಾತ್ರ. ರಾತ್ರಿ ಆಮ್ಲಜನಕ ಕೊಡುತ್ತದೆಂದು ಮಲಗುವ ಕೋಣೆಯ ಕತ್ತಲಲ್ಲಿ ಇಟ್ಟರೆ ಗಿಡ ಸೊರಗುತ್ತದೆ, ಅಷ್ಟೆ. ಮುಳ್ಳಿನ ಗಿಡ ಮನೆಗೆ ಕೇಡು, ಜೇಡ್ ಗಿಡವಿದ್ದರೆ ದುಡ್ಡು ಎಂಬ ಮಾತುಗಳೂ ಬರೀ ಸುಳ್ಳು. ಗಿಡಕ್ಕೆ ನಿಮ್ಮ ಹಣೆಬರಹ ಗೊತ್ತಿಲ್ಲ, ಅದಕ್ಕೆ ಬೇಕಿರುವುದು ಬಿಸಿಲು ಮತ್ತು ನೀರು ಬಸಿದುಹೋಗುವ ಮಣ್ಣು.

ನೀವೂ ಚಿತ್ರ ತೆಗೆಯುವುದಾದರೆ ಮೊಬೈಲೇ ಸಾಕು. ಬಣ್ಣದಲ್ಲಿ ತೆಗೆದು ಆಮೇಲೆ ಕಪ್ಪು-ಬಿಳುಪಿಗೆ ತಿರುಗಿಸಿ. ಆಗ ಕೆಂಪನ್ನು ತಗ್ಗಿಸಿದರೆ ಎಲೆಯಂಚು ಕಾಡಿಗೆಯ ಗೆರೆಯಾಗುತ್ತದೆ, ಏರಿಸಿದರೆ ಬೆಳ್ಳಗಾಗುತ್ತದೆ. ಧೂಳು ಕೂತಿದ್ದರೆ ಮೆತ್ತನೆ ಊದಿ ತೆಗೆಯಿರಿ, ಬಟ್ಟೆ ಬೇಡ. ಗಿಡವನ್ನು ಎತ್ತಿಡುವಾಗ ಕುಂಡವನ್ನು ಹಿಡಿಯಿರಿ, ಎಲೆಯನ್ನು ಮುಟ್ಟಬೇಡಿ.