ಸಣ್ಣ ಕಾರು, ಎರಡು ಮಕ್ಕಳು: ಯಾವ ಸೀಟು, ಯಾವಾಗ, ಎಲ್ಲಿ?

ಇವತ್ತು ಕಾರಿನ ಹಿಂದಿನ ಸೀಟಿನ ಬಗ್ಗೆ ಮಾತಾಡೋಣ.

ಪುಣೆ, ಹೈದರಾಬಾದ್, ಚೆನ್ನೈ ಕಡೆ ಇರುವ ನಮ್ಮಂಥವರ ಕಥೆ ಹೆಚ್ಚುಕಡಿಮೆ ಒಂದೇ. ಕೆಲಸ ಸಿಕ್ಕು ಎರಡು ವರ್ಷಕ್ಕೆ ನಾಲ್ಕು ಮೀಟರ್ ಒಳಗಿನ ಒಂದು ಹ್ಯಾಚ್‌ಬ್ಯಾಕ್ ತಗೊಂಡಿರ್ತೀವಿ. ಆಮೇಲೆ ಮದುವೆ, ಒಂದು ಮಗು, ಈಗ ಎರಡನೆಯದು. ಕಾರು ಮಾತ್ರ ಅದೇ. ನಾನಿರೋದು ಪುಣೆಯಲ್ಲಿ, ಊರು ಧಾರವಾಡ. ಮಗಳಿಗೆ ಮೂರು ತುಂಬಿದೆ, ಮಗನಿಗೆ ಐದು ತಿಂಗಳು. ಎರಡನೇ ಹೆರಿಗೆಗೆ ಮುಂಚೆ ಅಳತೆ ಟೇಪು, ಕಾರಿನ ಮ್ಯಾನ್ಯುಅಲ್ ಹಿಡಿದು ಕೂತು ಲೆಕ್ಕ ಹಾಕಿದ್ದೆ. ಆ ಲೆಕ್ಕವನ್ನೇ ಇಲ್ಲಿ ಹೇಳ್ತೀನಿ.

ಮೊದಲು ತೊಡೆಯ ವಿಷಯ

ಸೀಟು ತಂದ ದಿನ ನಮ್ಮ ಅವ್ವ ಕೇಳಿದ್ದು ಇದು: "ಕೂಸನ್ನ ಕುರ್ಚಿಗೆ ಕಟ್ಟಿ ಒಯ್ಯೋದೇನೋ? ನನ್ನ ತೊಡಿ ಮ್ಯಾಲೆ ಕೊಡು, ಬೆಚ್ಚಗ ಮಲಗತದ. ನಿಮ್ಮನ್ನೆಲ್ಲಾ ಹಿಂಗ ಬೆಳಿಸೇನಿ."

ಪ್ರೀತಿಯಿಂದ ಬಂದ ಮಾತು, ಸಿಟ್ಟಾಗಬೇಕಿಲ್ಲ. ಆದರೆ ಲೆಕ್ಕ ಬೇರೆ ಹೇಳುತ್ತೆ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಏನಕ್ಕೋ ಹೊಡೆದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. 10 ಕೆ.ಜಿ. ಮಗುವನ್ನು ಅಷ್ಟು ಹೊತ್ತಿನಲ್ಲಿ ನಿಲ್ಲಿಸಲು ಬೇಕಾದ ಬಲ ಸುಮಾರು 1400 ನ್ಯೂಟನ್. ಅಂದರೆ 140 ಕೆ.ಜಿ. ಭಾರವನ್ನು ಏಕಾಏಕಿ ಕೈಯಲ್ಲಿ ಹಿಡಿದ ಹಾಗೆ. ಇದು ಊರೊಳಗಿನ ವೇಗ. ಹೆದ್ದಾರಿಯಲ್ಲಿ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತೆ.

"ಅವ್ವಾ, 140 ಕಿಲೋ ನಿನ್ನ ಕೈಯಾಗ ನಿಲ್ತದೇನ?" ಅಂತ ಕೇಳಿದೆ. "ಐವತ್ತು ಕಿಲೋದ ಅಕ್ಕಿ ಚೀಲಾನ ಎತ್ತಾಕ ಆಗಂಗಿಲ್ಲ ನನಗ" ಅಂದಳು. ಆಮೇಲೆ ಆ ಮಾತು ಬರಲಿಲ್ಲ.

ಇನ್ನೊಂದು ಅಭ್ಯಾಸ ಇದೆ: ತೊಡೆ ಮೇಲೆ ಮಗು ಕೂರಿಸಿ, ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕೋದು. ಇದು ಇನ್ನೂ ಅಪಾಯ. ಅಪಘಾತದಲ್ಲಿ ಹಿಂದಿನಿಂದ ದೊಡ್ಡವರ ಮೈಭಾರ, ಮುಂದಿನಿಂದ ಬೆಲ್ಟ್, ನಡುವೆ ಮಗು.

ಕಾನೂನೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು. ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ.

ವಯಸ್ಸು ಬಿಡಿ, ತೂಕ ಮತ್ತು ಎತ್ತರ ನೋಡಿ

ಅಂಗಡಿಯಲ್ಲಿ ಮೊದಲು ಕೇಳೋದು "ಪಾಪುಗೆ ಎಷ್ಟು ವಯಸ್ಸು?" ಅಂತ. ಸೀಟಿಗೆ ವಯಸ್ಸು ಗೊತ್ತಾಗಲ್ಲ. ಅದನ್ನು ಪರೀಕ್ಷೆ ಮಾಡಿರೋದು ತೂಕಕ್ಕೆ ಅಥವಾ ಎತ್ತರಕ್ಕೆ.

ನಮ್ಮಲ್ಲಿ ಸಿಗುವ ಸೀಟುಗಳ ಮೇಲೆ ಮೂರು ಹೆಸರು ಕಾಣುತ್ತವೆ. ಎಐಎಸ್-072 ಅನ್ನೋದು ಭಾರತದ ಮಾನದಂಡ. ಆರ್44 ಅನ್ನೋದು ಯುರೋಪಿನ ಹಳೆಯ ಮಾನದಂಡ, ಮಗುವಿನ ತೂಕದ ಮೇಲೆ ನಿಂತಿದೆ. ಆರ್129 ಹೊಸದು, ಎತ್ತರದ ಮೇಲೆ ನಿಂತಿದೆ, ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆಯೂ ಅದರಲ್ಲಿ ಸೇರಿದೆ. ಐ-ಸೈಜ್ ಅಂತ ಬರೆದಿದ್ದರೆ ಅದು ಆರ್129ರದ್ದು. ಯುರೋಪಿನ ಮಾನ್ಯತೆ ಇರುವ ಸೀಟಿನ ಮೇಲೆ ಕಿತ್ತಳೆ ಬಣ್ಣದ ಚೀಟಿ ಇರುತ್ತೆ, ಅದರಲ್ಲಿ ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಸಂಖ್ಯೆ. ಇವುಗಳಲ್ಲಿ ಯಾವುದೂ ಇಲ್ಲದ ಸೀಟು ಎಷ್ಟೇ ಮೆತ್ತಗಿರಲಿ, ಬೇಡ.

ಹಂತಗಳು ಮೂರು.

ಒಂದು, ಹಿಂದೆ ಮುಖ ಮಾಡುವ ಸೀಟು. ಹಸುಗೂಸಿನ ತಲೆ ಅದರ ಉದ್ದದ ನಾಲ್ಕನೇ ಒಂದು ಭಾಗ ಇರುತ್ತೆ, ಕತ್ತು ಇನ್ನೂ ಎಳೆಯದು. ಮುಂದೆ ಮುಖ ಮಾಡಿ ಕೂರಿಸಿದರೆ ಅಪಘಾತದಲ್ಲಿ ಮೈ ನಿಂತು ತಲೆ ಮುಂದಕ್ಕೆ ಎಸೆದುಹೋಗುತ್ತೆ, ಎಲ್ಲ ಬಲ ಕತ್ತಿನ ಮೇಲೆ. ಹಿಂದೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನೇ ಹಿಡಿಯುತ್ತೆ. ಈ ಉಪಾಯ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅವರದು. ಜೆಮಿನಿ ಗಗನಯಾತ್ರಿಗಳು ಬೆನ್ನಿನ ಮೇಲೆ ಒರಗಿ ಕೂರುವ ರೀತಿ ನೋಡಿ 1964ರಲ್ಲಿ ಮೊದಲ ಮಾದರಿ ಪರೀಕ್ಷಿಸಿದರು. ಆರ್129 ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹೀಗೇ ಇರಬೇಕು. ಸ್ವೀಡನ್ನಿನಲ್ಲಿ ಸುಮಾರು ನಾಲ್ಕು ವರ್ಷದವರೆಗೂ ಹೀಗೇ ಕೂರಿಸ್ತಾರೆ. "ಕಾಲು ಮಡಚಿಕೊಳ್ಳುತ್ತೆ ಪಾಪ" ಅಂತ ಬೇಗ ತಿರುಗಿಸಬೇಡಿ. ಮಕ್ಕಳು ಚಕ್ಕಳಮಕ್ಕಳ ಹಾಕಿ ಆರಾಮಾಗಿ ಇರ್ತವೆ.

ಎರಡು, ಮುಂದೆ ಮುಖ ಮಾಡಿ ಐದು ಪಟ್ಟಿಯ ಹಾರ್ನೆಸ್. ಹಳೆಯ ಲೆಕ್ಕದಲ್ಲಿ 9ರಿಂದ 18 ಕೆ.ಜಿ.ಯವರೆಗೆ. 9 ಕೆ.ಜಿ. ಆದ ತಕ್ಷಣ ತಿರುಗಿಸಬೇಕು ಅಂತ ಅದರ ಅರ್ಥ ಅಲ್ಲ. ಹಿಂದಿನ ಹಂತದಲ್ಲಿ ಎಷ್ಟು ದಿನ ಹಿಡಿಸುತ್ತೋ ಅಷ್ಟು ದಿನ ಅಲ್ಲೇ ಇರಲಿ.

ಮೂರು, ಬೂಸ್ಟರ್. ಬೂಸ್ಟರ್ ತಾನಾಗಿ ಮಗುವನ್ನು ಹಿಡಿಯಲ್ಲ. ಮಗುವನ್ನು ಎತ್ತರಿಸಿ, ಕಾರಿನ ಬೆಲ್ಟ್ ಸರಿಯಾದ ಜಾಗದಲ್ಲಿ ಬರುವಂತೆ ಮಾಡೋದಷ್ಟೇ ಅದರ ಕೆಲಸ. ಕೆಳಗಿನ ಪಟ್ಟಿ ಸೊಂಟದ ಎಲುಬಿನ ಮೇಲೆ, ತೊಡೆಗೆ ತಾಗಿ ಇರಬೇಕು. ಮೇಲಿನ ಪಟ್ಟಿ ಭುಜದ ನಡುವೆ ಹಾಯಬೇಕು. ಬೂಸ್ಟರ್ ಇಲ್ಲದೆ ಕೂತ ಐದು ವರ್ಷದ ಮಗುವಿಗೆ ಕೆಳಗಿನ ಪಟ್ಟಿ ಹೊಟ್ಟೆ ಮೇಲೆ, ಮೇಲಿನದು ಕತ್ತಿನ ಮೇಲೆ ಬರುತ್ತೆ. ಹೊಟ್ಟೆಯಲ್ಲಿ ಎಲುಬಿಲ್ಲ, ಒಳಗಿನ ಅಂಗಗಳಿಗೇ ಪೆಟ್ಟು. ಬೆನ್ನಿರುವ ಬೂಸ್ಟರನ್ನೇ ತಗೊಳ್ಳಿ. ಬೆನ್ನಿಲ್ಲದ ದಿಂಬಿನಂಥದ್ದು 125 ಸೆಂ.ಮೀ. ದಾಟಿದವರಿಗೆ ಮಾತ್ರ.

ಬೂಸ್ಟರ್ ಯಾವಾಗ ಬಿಡೋದು? ಸುಮಾರು 150 ಸೆಂ.ಮೀ. ಎತ್ತರಕ್ಕೆ. ಮಗುವಿನ ಬೆನ್ನು ಕಾರಿನ ಸೀಟಿಗೆ ಪೂರ್ತಿ ತಾಗಿ, ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಿ, ಎರಡೂ ಪಟ್ಟಿ ಸರಿಯಾದ ಕಡೆ ಬಂದು, ಪ್ರಯಾಣ ಪೂರ್ತಿ ಹಾಗೇ ಕೂರಲು ಆಗಬೇಕು. ನಿದ್ದೆ ಬಂದಾಗ ವಾಲಿ ಜಾರಿದರೆ ಇನ್ನೂ ಸಮಯ ಬಂದಿಲ್ಲ ಅಂತಲೇ ಅರ್ಥ.

ಇಬ್ಬರು ಮಕ್ಕಳಿಗೆ ಮೂರು ಸೀಟು

ಪ್ರತಿ ಮಗುವಿಗೆ ಮೂರು ಹಂತ, ಇಬ್ಬರಿಗೆ ಆರು ಸೀಟು ಅಂತ ಹೆದರಬೇಡಿ. ಇದೊಂದು ಕ್ಯೂ. ಮೂರು ವರ್ಷದ ಅಂತರ ಇದ್ದರೆ ಹೀಗೆ ನಡೆಯುತ್ತೆ: ಮಗಳು ಈಗ ಹಾರ್ನೆಸ್ ಸೀಟಿನಲ್ಲಿದ್ದಾಳೆ. ಮಗ 13 ಕೆ.ಜಿ.ವರೆಗಿನ ಹಸುಗೂಸಿನ ಕ್ಯಾರಿಯರ್‌ನಲ್ಲಿ. ಅವನ ತಲೆ ಕ್ಯಾರಿಯರ್‌ನ ಅಂಚು ಮುಟ್ಟುವ ಹೊತ್ತಿಗೆ ಮಗಳಿಗೆ ನಾಲ್ಕು ದಾಟಿರುತ್ತೆ, ಅವಳಿಗೆ ಬೂಸ್ಟರ್ ಬರುತ್ತೆ. ಅವಳ ಸೀಟು, ಹಿಂದೆ ಮುಖ ಮಾಡಿಯೂ ಕೂರಿಸಬಹುದಾದ್ದು, ಅವನಿಗೆ ಇಳಿಯುತ್ತೆ. ಹೀಗಾಗಿ ಮೊದಲ ಮಗುವಿಗೆ ಕೊಳ್ಳುವಾಗಲೇ ಎರಡೂ ಕಡೆ ತಿರುಗುವ ಸೀಟು ತಗೊಳ್ಳೋದು ಲಾಭ. ಹುಟ್ಟಿದ ದಿನದಿಂದ ಹನ್ನೆರಡು ವರ್ಷದವರೆಗೆ ಒಂದೇ ಸೀಟು ಅಂತ ಮಾರುವುದೂ ಇದೆ. ಅದು ಸಾಮಾನ್ಯವಾಗಿ ದೊಡ್ಡದು, ಭಾರ, ಸಣ್ಣ ಕಾರಿಗೆ ಕಷ್ಟ.

ಸೀಟಿಗೂ ಆಯುಸ್ಸಿದೆ. ತಯಾರಾದ ದಿನಾಂಕ ಮತ್ತು ಎಷ್ಟು ವರ್ಷ ಬಳಸಬಹುದು ಅನ್ನೋದನ್ನು ನೋಡಿಕೊಳ್ಳಿ. ಇತಿಹಾಸ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಸೀಟು ಬೇಡ. ಒಂದು ಅಪಘಾತ ನೋಡಿದ ಸೀಟು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು.

ಕೊಳ್ಳುವ ಮೊದಲು ನಿಮ್ಮ ಕಾರು ಓದಿ

ಸಣ್ಣ ಕಾರುಗಳಲ್ಲಿ ಐಸೋಫಿಕ್ಸ್ ಕೊಂಡಿ ಸಾಮಾನ್ಯವಾಗಿ ಹಿಂದಿನ ಎರಡು ಪಕ್ಕದ ಸೀಟುಗಳಿಗೆ ಮಾತ್ರ ಇರುತ್ತೆ. ಸೀಟಿನ ಬೆನ್ನು ಮತ್ತು ತಳದ ಸಂದಿಯಲ್ಲಿ ಕೈ ಹಾಕಿದರೆ 28 ಸೆಂ.ಮೀ. ಅಂತರದಲ್ಲಿ ಎರಡು ಕಬ್ಬಿಣದ ಕಂಬಿ ಸಿಗುತ್ತವೆ. ದಪ್ಪ ಸೀಟ್ ಕವರ್ ಹಾಕಿಸಿದ್ದರೆ ಇವೇ ಮುಚ್ಚಿಹೋಗಿರ್ತವೆ. ಕವರ್ ಹಾಕುವವರಿಗೆ ಮೊದಲೇ ಹೇಳಿ.

ಐಸೋಫಿಕ್ಸ್ ಜೊತೆಗೆ ಮೂರನೇ ಆಧಾರ ಬೇಕು. ಒಂದೋ ಮೇಲಿನ ಪಟ್ಟಿ, ಟಾಪ್ ಟೆದರ್. ಅದರ ಕೊಂಡಿ ಸೀಟಿನ ಬೆನ್ನ ಹಿಂದೆ ಅಥವಾ ಡಿಕ್ಕಿಯಲ್ಲಿ ಇರುತ್ತೆ. ಸಾಮಾನು ಕಟ್ಟುವ ಕೊಕ್ಕೆಗೆ ಅದನ್ನು ಸಿಕ್ಕಿಸಬೇಡಿ. ಅಥವಾ ನೆಲಕ್ಕೆ ಊರುವ ಸಪೋರ್ಟ್ ಲೆಗ್. ಕಾಲಡಿ ಡಬ್ಬಿ ಜಾಗ ಇರುವ ಕಾರಿನಲ್ಲಿ ಲೆಗ್ ಊರಬಹುದೋ ಇಲ್ಲವೋ ಅಂತ ಮ್ಯಾನ್ಯುಅಲ್ ನೋಡಿ.

ಐಸೋಫಿಕ್ಸ್ ಇಲ್ಲದ ಹಳೆಯ ಕಾರಾದರೆ ಚಿಂತೆ ಇಲ್ಲ. ಮೂರು ಬಿಂದುವಿನ ಬೆಲ್ಟ್‌ನಿಂದ ಕಟ್ಟುವ ಸೀಟು ಸರಿಯಾಗಿ ಕಟ್ಟಿದರೆ ಚೆನ್ನಾಗಿಯೇ ಕೆಲಸ ಮಾಡುತ್ತೆ. ಕ್ಯಾಬ್‌ನಲ್ಲಿ ಜಾಸ್ತಿ ಓಡಾಡುವವರು ಇಂಥದ್ದನ್ನೇ ಆರಿಸಿ, ಜೊತೆಗೆ ಒಯ್ಯಬಹುದು.

ಜಾಗದ ಲೆಕ್ಕ: ಹಿಂದೆ ಮುಖ ಮಾಡುವ ಸೀಟು ಮುಂದಿನ ಸೀಟನ್ನು ಮುಂದಕ್ಕೆ ತಳ್ಳುತ್ತೆ. ಅದನ್ನು ಡ್ರೈವರ್ ಹಿಂದೆ ಇಡದೆ ಎಡಗಡೆ ಇಡಿ. ನಮ್ಮ ರಸ್ತೆಗಳಲ್ಲಿ ಫುಟ್‌ಪಾತ್ ಬದಿ ಅದೇ, ಮಗುವನ್ನು ಇಳಿಸುವುದೂ ಸುಲಭ. ಅಗಲಕ್ಕೆ, ಬಹಳಷ್ಟು ಸೀಟುಗಳು ಸುಮಾರು 44 ಸೆಂ.ಮೀ. ಇವೆ. ಹಿಂದಿನ ಸೀಟಿನ ಅಗಲದಿಂದ 88 ಕಳೆದರೆ ನಡುವೆ ಉಳಿಯುವುದೇ ದೊಡ್ಡವರ ಜಾಗ. ಆ ನಡುವಿನ ಜಾಗಕ್ಕೆ ಮೂರು ಬಿಂದುವಿನ ಬೆಲ್ಟ್ ಇದೆಯೋ, ಬರೀ ಸೊಂಟದ್ದೋ, ಬೂಸ್ಟರ್ ಕೂತ ಮೇಲೆ ಬಕಲ್‌ಗೆ ಕೈ ಹೋಗುತ್ತೋ ನೋಡಿ. ಸಾಧ್ಯವಾದರೆ ಸೀಟನ್ನು ಕಾರಿನಲ್ಲಿ ಇಟ್ಟು ನೋಡಿಯೇ ದುಡ್ಡು ಕೊಡಿ.

ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇರುವಾಗ ಹಿಂದೆ ಮುಖ ಮಾಡುವ ಸೀಟನ್ನು ಎಂದೂ ಇಡಬೇಡಿ. ಏರ್‌ಬ್ಯಾಗ್ ನೇರವಾಗಿ ಮಗುವಿನ ತಲೆಯ ಹಿಂದೆ ಸ್ಫೋಟಿಸುತ್ತೆ.

ಕಟ್ಟಿದ ಮೇಲೆ ಎರಡು ಪರೀಕ್ಷೆ. ಸೀಟನ್ನು ಬುಡದಲ್ಲಿ ಹಿಡಿದು ಅಲುಗಿಸಿ, ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಹಾರ್ನೆಸ್ ಪಟ್ಟಿಯನ್ನು ಭುಜದ ಹತ್ತಿರ ಎರಡು ಬೆರಳಲ್ಲಿ ಚಿವುಟಿ, ಮಡಿಕೆ ಸಿಗಬಾರದು. ದಪ್ಪ ಸ್ವೆಟರ್, ದುಪ್ಪಟಿ ಸುತ್ತಿ ಪಟ್ಟಿ ಹಾಕಬೇಡಿ. ಮೊದಲು ಪಟ್ಟಿ, ಮೇಲೆ ಹೊದಿಕೆ.

ಆರನೆಯವರು

ಕೊನೆಗೆ ಉಳಿಯುವ ಪ್ರಶ್ನೆ ಅಪ್ಪ-ಅವ್ವ ಬಂದಾಗಿನದು. ನಾವಿಬ್ಬರು, ಮಕ್ಕಳಿಬ್ಬರು, ಅವರಿಬ್ಬರು. ಕಾರಿನಲ್ಲಿ ಬೆಲ್ಟ್ ಐದು. ನಮ್ಮ ಮನೆಗಳಲ್ಲಿ ಈ ಲೆಕ್ಕ ಯಾವಾಗಲೂ ಚಿಕ್ಕವರ ಮೇಲೆ ಬೀಳುತ್ತೆ, "ಒಂದ್ ಸ್ವಲ್ಪ ಹೊತ್ತು ತೊಡೆ ಮೇಲೆ ಕೂತ್ಕೊಳ್ಳಲಿ ಬಿಡು" ಅಂತ. ದೊಡ್ಡ ಕಾರು ಕೊಳ್ಳೋದು ಎಲ್ಲರಿಗೂ ಆಗಲ್ಲ. ನಮ್ಮ ಮನೆಯ ನಿಯಮ ಹೀಗಿದೆ: ಪ್ರತಿಯೊಬ್ಬರಿಗೆ ಒಂದು ಬೆಲ್ಟ್, ಬೆಲ್ಟ್ ಮುಗಿದರೆ ಇನ್ನೊಂದು ಗಾಡಿ. ಊರೊಳಗೆ ಒಬ್ಬರು ಆಟೋದಲ್ಲಿ ಬರ್ತೀವಿ. ಧಾರವಾಡಕ್ಕಾದರೆ ಅಪ್ಪ-ಅವ್ವ ವಂದೇ ಭಾರತ್ ರೈಲಿನಲ್ಲಿ, ನಾವು ನಾಲ್ವರು ಕಾರಿನಲ್ಲಿ. ಎರಡು ಗಂಟೆ ಆಗುವುದರೊಳಗೆ ನಿಲ್ಲಿಸಿ ಮಗನನ್ನು ಸೀಟಿನಿಂದ ಎತ್ತಿ ಆಡಿಸ್ತೀವಿ. ಹಸುಗೂಸು ಅದರಲ್ಲಿ ಬಹಳ ಹೊತ್ತು ಒಂದೇ ಭಂಗಿಯಲ್ಲಿ ಇರಬಾರದು. ಹೀಗಾಗಿ ಸಾತಾರಾ, ಕೊಲ್ಹಾಪುರ, ಬೆಳಗಾವಿ ಎಲ್ಲಾ ಕಡೆ ಚಹಾ ಆಗುತ್ತೆ, ಊರು ಮುಟ್ಟೋದು ತಡ ಆಗುತ್ತೆ.

ಈ ಶನಿವಾರ ಒಂದು ಅರ್ಧ ಗಂಟೆ ತೆಗೆದಿಡಿ. ಮಗುವಿನ ತೂಕ, ಎತ್ತರ ಬರೆದುಕೊಳ್ಳಿ. ಹಿಂದಿನ ಸೀಟಿನ ಅಗಲ ಅಳೆಯಿರಿ. ಕೊಂಡಿಗಳನ್ನು ಕೈ ಹಾಕಿ ಹುಡುಕಿ. ಈ ನಾಲ್ಕು ವಿವರ ಕೈಯಲ್ಲಿದ್ದರೆ ಅಂಗಡಿಯವರು ಯಾವ ಸೀಟು ತೋರಿಸಿದರೂ ನಿಮಗೆ ಹೊಂದುತ್ತೋ ಇಲ್ಲವೋ ಐದೇ ನಿಮಿಷದಲ್ಲಿ ಗೊತ್ತಾಗುತ್ತೆ.